ಶನಿವಾರದ ರಕ್ತ, ಸೋಮವಾರದ ರಿಪೋರ್ಟ್

ಸೋಮವಾರ ಸಂಜೆ ಆರು ಗಂಟೆಗೆ ಲ್ಯಾಬಿನಿಂದ ನಾಯಿಯ ರಕ್ತದ ರಿಪೋರ್ಟ್ ಬಂತು. ಎರಡು ಅಂಕಿಗಳು ದಪ್ಪಕ್ಷರದಲ್ಲಿದ್ದವು: ಗ್ಲೂಕೋಸ್ 34 ಮಿ.ಗ್ರಾಂ, ಪೊಟ್ಯಾಸಿಯಂ 7.4 ಮಿಲಿಮೋಲ್. ನಾಯಿಗಳಲ್ಲಿ ಗ್ಲೂಕೋಸ್ ಸುಮಾರು 70ರಿಂದ 120ರ ನಡುವೆ ಇರಬೇಕು, ಪೊಟ್ಯಾಸಿಯಂ ಐದೂವರೆ ದಾಟಬಾರದು. ಸೋಡಿಯಂ 142 ಇತ್ತು. ಅದನ್ನು ಪೊಟ್ಯಾಸಿಯಂನಿಂದ ಭಾಗಿಸಿದರೆ 19. ಈ ಅನುಪಾತ 27ಕ್ಕಿಂತ ಕೆಳಗಿಳಿದರೆ ಅಡಿಸನ್ಸ್ ಕಾಯಿಲೆಯನ್ನು ನೆನೆಯಬೇಕು ಎಂದು ಪಶುವೈದ್ಯ ಕಾಲೇಜಿನಲ್ಲೇ ನಮ್ಮ ತಲೆಗೆ ತುಂಬಿರುತ್ತಾರೆ. ಮೂತ್ರಪಿಂಡದ ಪಕ್ಕದಲ್ಲೇ ಕೂತ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿದಾಗ ಬರುವ ರೋಗ ಅದು. ವಾಂತಿ, ಸುಸ್ತು, ಊಟ ಬೇಡ ಅನ್ನುವುದು, ಇಷ್ಟೇ ಲಕ್ಷಣ ತೋರಿಸುತ್ತಾ ಒಂದು ದಿನ ನಾಯಿ ಇದ್ದಕ್ಕಿದ್ದಂತೆ ಕುಸಿದುಬೀಳುತ್ತದೆ.

ನಾನು ನೋಡುತ್ತಿದ್ದ ನಾಯಿಗೆ ವಾಂತಿ ಇತ್ತು. ಸುಸ್ತಿತ್ತು. ಊಟ ಬಿಟ್ಟಿತ್ತು. ಎಲ್ಲವೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಅಂದರೆ ನಾನು ಅನುಮಾನಪಡುವುದನ್ನೇ ಮರೆತೆ.

ಹೆಸರು ಮಿಂಚು. 5 ವರ್ಷದ ಅಕಿಟಾ ತಳಿಯ ಹೆಣ್ಣು, 32 ಕೆ.ಜಿ., ಗರ್ಭಕೋಶದ ಆಪರೇಷನ್ ಮೊದಲೇ ಆಗಿದೆ. ಶುಕ್ರವಾರ ರಾತ್ರಿಯಿಂದ ನಾಲ್ಕು ಸಲ ವಾಂತಿ ಮಾಡಿಕೊಂಡಿದ್ದಳು. ಶನಿವಾರ ಬೆಳಿಗ್ಗೆ ತಟ್ಟೆಯನ್ನು ಮೂಸಿಯೂ ನೋಡಲಿಲ್ಲ ಎಂದು ಮನೆಯ ಹಿರಿಯರು ಕರೆತಂದರು. ಜ್ವರವಿಲ್ಲ, ಹೃದಯ ಬಡಿತ ನಿಮಿಷಕ್ಕೆ 112, ಒಸಡು ಗುಲಾಬಿ, ಹೊಟ್ಟೆ ಮೆತ್ತಗೆ. ನೀರಿನಂಶ ಸ್ವಲ್ಪ ಕಡಿಮೆಯಾಗಿತ್ತು. ಚರ್ಮದಡಿ ಡ್ರಿಪ್, ವಾಂತಿ ನಿಲ್ಲುವ ಒಂದು ಇಂಜೆಕ್ಷನ್ ಕೊಟ್ಟೆ. ಯಾವುದಕ್ಕೂ ಇರಲಿ ಎಂದು ರಕ್ತವನ್ನೂ ತೆಗೆದೆ. ಈ ‘ಯಾವುದಕ್ಕೂ ಇರಲಿ’ ರಕ್ತಕ್ಕೆ ನಾವು ಕೊಡುವ ಮರ್ಯಾದೆ ಯಾವಾಗಲೂ ಸ್ವಲ್ಪ ಕಡಿಮೆಯೇ.

ತೆಗೆದ ರೀತಿಯಿಂದಲೇ ಶುರುಮಾಡಬೇಕು. ಮುಂಗಾಲಿನ ರಕ್ತನಾಳಕ್ಕೆ ತೆಳು ಸೂಜಿ ಚುಚ್ಚಿದೆ. ಅರ್ಧ ತುಂಬುವಷ್ಟರಲ್ಲಿ ಮಿಂಚು ಕಾಲೆಳೆದುಕೊಂಡಳು. ರಕ್ತ ನಿಧಾನವಾಗಿ ಬರತೊಡಗಿತು, ನಾನು ಸಿರಿಂಜಿನ ಹಿಡಿಯನ್ನು ಜೋರಾಗಿ ಎಳೆದೆ. ಆಮೇಲೆ ಅದೇ ಸೂಜಿಯನ್ನು ಟ್ಯೂಬಿನ ರಬ್ಬರ್ ಮುಚ್ಚಳಕ್ಕೆ ಚುಚ್ಚಿ ಒತ್ತಿದೆ. ಕಿರಿದಾದ ತೂತಿನೊಳಗೆ ಹೀಗೆ ಒತ್ತಡದಲ್ಲಿ ನುಗ್ಗಿಸಿದರೆ ಕೆಂಪು ಕಣಗಳು ಒಡೆಯುತ್ತವೆ. ಇದಕ್ಕೆ ಹಿಮೊಲಿಸಿಸ್ ಅನ್ನುತ್ತಾರೆ. ಗೊತ್ತಿಲ್ಲದ ವಿಷಯವಲ್ಲ. ಆದರೂ ಮಾಡಿದೆ.

ಎರಡು ಟ್ಯೂಬ್ ತುಂಬಿದ್ದೆ. ಕೆಂಪು ಮುಚ್ಚಳದ್ದು ಸೀರಂ ಪರೀಕ್ಷೆಗೆ. ಅದರಲ್ಲಿ ರಕ್ತ ಹೆಪ್ಪುಗಟ್ಟಬೇಕು, ಅದಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಹಳದಿ ನೀರನ್ನು, ಅಂದರೆ ಸೀರಂ ಅನ್ನು, ಬೇರೆ ಟ್ಯೂಬಿಗೆ ಎತ್ತಿಡಬೇಕು. ನೇರಳೆ ಮುಚ್ಚಳದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇ.ಡಿ.ಟಿ.ಎ. ಇರುವುದು, ರಕ್ತಕಣಗಳ ಎಣಿಕೆಗೆ. ಹೊತ್ತು ಮಧ್ಯಾಹ್ನ ಹನ್ನೆರಡೂವರೆ. ಸೆಂಟ್ರಿಫ್ಯೂಜ್ ನೋಡಿಕೊಳ್ಳುವ ಹುಡುಗ ಅಂದು ಅರ್ಧ ದಿನಕ್ಕೇ ಹೊರಟಿದ್ದ. ಅಷ್ಟರಲ್ಲಿ ಮೂತ್ರ ಕಟ್ಟಿಕೊಂಡ ಗಂಡು ಬೆಕ್ಕೊಂದು ಬಂತು. ಅದರ ಕೆಲಸ ಮುಗಿಸಿ ಕೈ ತೊಳೆಯುವಾಗ ಐದೂವರೆ. ಟ್ಯೂಬುಗಳು ಮೇಜಿನ ಮೇಲೆ, ನಾನು ಇಟ್ಟಲ್ಲೇ ಇದ್ದವು.

ಫ್ರಿಜ್ ತೆರೆದು ಲಸಿಕೆಗಳ ಪಕ್ಕ ಇಟ್ಟೆ. ಬಾಗಿಲು ಮುಚ್ಚಿದಾಗ ಮನಸ್ಸಿಗೆ ಸಮಾಧಾನವಾಯಿತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಏಕೆಂದರೆ ಎಡವಟ್ಟು ಪೂರ್ತಿಯಾದದ್ದು ಆ ಸಮಾಧಾನದಲ್ಲೇ. ಭಾನುವಾರ ಲ್ಯಾಬಿಗೆ ರಜೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಡಬ್ಬಿ ಹೊರಟಿತು. ಲೆಕ್ಕ ಹಾಕಿದರೆ ಕಣಗಳ ಜೊತೆಗೇ ಸೀರಂ 45 ಗಂಟೆ ಕಳೆದಿತ್ತು. ಲ್ಯಾಬಿನ ಫಾರಂನಲ್ಲಿ ‘ರಕ್ತ ತೆಗೆದ ಸಮಯ’ ಎಂಬ ಕಾಲಂ ಇದೆ. ಖಾಲಿ ಬಿಟ್ಟೆ. ತಳಿಯ ಕಾಲಂನಲ್ಲಿ ‘ನಾಯಿ’ ಎಂದು ಬರೆದಿದ್ದೆ.

ಸೋಮವಾರ ರಾತ್ರಿ

ರಿಪೋರ್ಟ್ ನೋಡಿದ ಕೂಡಲೇ ಫೋನ್ ಮಾಡಿದೆ. “ಈಗಲೇ ಕರ್ಕೊಂಡು ಬನ್ನಿ ಸಾರ್, ತಡ ಮಾಡ್ಬೇಡಿ” ಅಂದೆ. ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, “ಡಾಕ್ಟ್ರೇ, ಅವಳು ನಿನ್ನೆಯಿಂದ ಊಟ ಮಾಡ್ತಿದ್ದಾಳಲ್ಲ. ಈಗಷ್ಟೇ ನನ್ನ ಚಪ್ಪಲಿ ಎತ್ಕೊಂಡು ಓಡಿದ್ಳು.”

ಪ್ರಕರಣದ ಅತಿ ಮುಖ್ಯ ಪುರಾವೆ ಈ ಚಪ್ಪಲಿ. ನಾನದನ್ನು ಕೇಳಿಸಿಕೊಂಡೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗ್ಲೂಕೋಸ್ 34 ಇರುವ ನಾಯಿ ತೂರಾಡುತ್ತಿರಬೇಕು, ನಡುಗುತ್ತಿರಬೇಕು, ಫಿಟ್ಸ್ ಬಂದರೂ ಆಶ್ಚರ್ಯವಿಲ್ಲ. ಪೊಟ್ಯಾಸಿಯಂ 7.4 ಇರುವ ನಾಯಿಯ ಹೃದಯ ನಿಧಾನವಾಗಿರಬೇಕು. ಚಪ್ಪಲಿ ಕದ್ದು ಓಡುವ ಸ್ಥಿತಿ ಯಾವುದೂ ಅಲ್ಲ.

ಎಂಟು ಗಂಟೆಗೆ ಬಂದರು. ಮಿಂಚು ಬಾಲ ಸುರುಳಿ ಸುತ್ತಿಕೊಂಡು ತಾನೇ ಮೇಜಿನ ಮೇಲೆ ಹತ್ತಿದಳು. ನನ್ನ ಕೈಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತುಂಬಿದ ಸಿರಿಂಜ್ ಸಿದ್ಧವಿತ್ತು. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್, ಪೊಟ್ಯಾಸಿಯಂನಿಂದ ಹೃದಯವನ್ನು ಕಾಪಾಡಲು. ಕ್ಯಾಲ್ಸಿಯಂ ಕೊಡುವಾಗ ಇ.ಸಿ.ಜಿ. ನೋಡುತ್ತಿರಬೇಕು ಎಂಬ ಕಾರಣಕ್ಕೆ ಮಾತ್ರ ಕ್ಲಿಪ್ ಹಾಕಿದೆ, ಅನುಮಾನ ಬಂದು ಅಲ್ಲ. ಪರದೆಯ ಮೇಲೆ ಗೆರೆ ಓಡತೊಡಗಿತು. ಪಿ ಅಲೆ ಸ್ಪಷ್ಟ. ಟಿ ಅಲೆ ಚಿಕ್ಕದು, ಪೊಟ್ಯಾಸಿಯಂ ಏರಿದಾಗ ಆಗುವಂತೆ ಗುಡಾರದ ಹಾಗೆ ಚೂಪಾಗಿ ಎದ್ದಿಲ್ಲ. ಬಡಿತ 108. ಒಂದು ನಿಮಿಷ ಪೂರ್ತಿ ನೋಡುತ್ತಾ ನಿಂತೆ. ಪೊಟ್ಯಾಸಿಯಂ ಹೆಚ್ಚಿದ್ದರೂ ಇ.ಸಿ.ಜಿ. ಸರಿಯಾಗಿ ಕಾಣುವ ನಾಯಿಗಳಿವೆ, ಅದೊಂದನ್ನೇ ನಂಬುವಂತಿಲ್ಲ. ಆದರೂ ಸಿರಿಂಜನ್ನು ಟ್ರೇನಲ್ಲಿ ಇಟ್ಟೆ.

ಆಮೇಲೆ ಕಿವಿಯಂಚಿಗೆ ಚುಚ್ಚಿ ಒಂದು ಹನಿಯನ್ನು ಗ್ಲೂಕೋಮೀಟರಿಗೆ ಹಾಕಿದೆ. 81. ಮನುಷ್ಯರಿಗೆಂದು ಮಾಡಿದ ಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯೇ ತೋರಿಸುತ್ತದೆ. ನಾಯಿಯ ರಕ್ತದಲ್ಲಿ ಗ್ಲೂಕೋಸಿನ ಬಹುಪಾಲು ಪ್ಲಾಸ್ಮಾದಲ್ಲಿ, ಅಂದರೆ ಕಣ ಬಿಟ್ಟು ಉಳಿದ ದ್ರವದಲ್ಲಿ ಇರುತ್ತದೆ, ಕಣಗಳೊಳಗೆ ಸ್ವಲ್ಪ ಮಾತ್ರ. ಮೀಟರಿನ ಲೆಕ್ಕ ಮನುಷ್ಯರ ಹಂಚಿಕೆಯ ಮೇಲೆ ನಿಂತಿದೆ. ಅಂದರೆ ನಿಜವಾದ ಮಟ್ಟ 81ಕ್ಕಿಂತ ಮೇಲೆಯೇ ಇರಬೇಕು.

ಹಿರಿಯರು ಕೇಳಿದರು, “ಇವಳಿಗೆ ಜೀವನಪೂರ್ತಿ ಮಾತ್ರೆ ಬೇಕಾಗತ್ತಾ?” ಫೋನಿನಲ್ಲಿ ಅಡಿಸನ್ಸ್ ಎಂಬ ಹೆಸರು ನನ್ನ ಬಾಯಿಂದ ಬಿದ್ದಿತ್ತು, ದಾರಿಯಲ್ಲಿ ಅವರು ಅದರ ಬಗ್ಗೆ ಓದಿಕೊಂಡೇ ಬಂದಿದ್ದರು. ಗೊತ್ತಿಲ್ಲ, ಬೆಳಿಗ್ಗೆ ಇನ್ನೊಮ್ಮೆ ರಕ್ತ ನೋಡೋಣ ಅಂದೆ. ಆ ರಾತ್ರಿ ಅವಳನ್ನು ಕ್ಲಿನಿಕ್ಕಿನಲ್ಲೇ ಇರಿಸಿಕೊಂಡು ಎರಡು ಗಂಟೆಗೊಮ್ಮೆ ಇ.ಸಿ.ಜಿ. ನೋಡಿದೆ. ಅವಳು ಗೊರಕೆ ಹೊಡೆದಳು.

ರಿಪೋರ್ಟನ್ನು ಎರಡನೆಯ ಸಲ ಓದಿದಾಗ

ನಿದ್ದೆ ಬರದಿದ್ದಾಗ ಮನುಷ್ಯ ರಿಪೋರ್ಟಿನ ಕೆಳಗಿನ ಸಣ್ಣಕ್ಷರಗಳನ್ನೂ ಓದುತ್ತಾನೆ. ಅಲ್ಲಿತ್ತು: ‘ಹಿಮೊಲಿಸಿಸ್, ಸೌಮ್ಯ’. ಸೀರಂ ತಿಳಿಹಳದಿಯ ಬದಲು ಗುಲಾಬಿಯಾಗಿತ್ತು ಎಂದರ್ಥ. ಸಂಜೆ ನನ್ನ ಕಣ್ಣು ದಪ್ಪಕ್ಷರದಲ್ಲೇ ನಿಂತುಬಿಟ್ಟಿತ್ತು.

ಪೊಟ್ಯಾಸಿಯಂ ಕಾರಣವಿಲ್ಲದೆ ಏರಿದ್ದರೆ ಮೊದಲು ಶಂಕಿಸಬೇಕಾದದ್ದು ನೇರಳೆ ಟ್ಯೂಬನ್ನು. ಅದರಲ್ಲಿರುವ ಇ.ಡಿ.ಟಿ.ಎ. ಪೊಟ್ಯಾಸಿಯಂ ಲವಣ. ಮೊದಲು ಆ ಟ್ಯೂಬ್ ತುಂಬಿ ಅದೇ ಸೂಜಿಯಿಂದ ಕೆಂಪು ಟ್ಯೂಬಿಗೆ ಹಾಕಿದರೆ ಒಂದೆರಡು ಹನಿ ದಾಟಿಬಿಡುತ್ತದೆ. ಆದರೆ ಇ.ಡಿ.ಟಿ.ಎ. ಸುಮ್ಮನೆ ಬರುವುದಿಲ್ಲ, ಬಂದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಕೂರುತ್ತದೆ. ಅದು ಬೆರೆತ ಸೀರಂನಲ್ಲಿ ಕ್ಯಾಲ್ಸಿಯಂ ನಂಬಲಾಗದಷ್ಟು ಕೆಳಗಿಳಿಯುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೂಡ ಬೀಳುತ್ತದೆ. ಮಿಂಚುವಿನ ಕ್ಯಾಲ್ಸಿಯಂ 9.8, ಸಹಜ. ಫಾಸ್ಫಟೇಸ್ ಸಹಜ. ಆ ದಾರಿ ಮುಚ್ಚಿತು.

ಎರಡನೆಯ ಆರೋಪಿ ಹಿಮೊಲಿಸಿಸ್. ಮನುಷ್ಯರ ವೈದ್ಯರಿಗೆ ಇದು ಮನೆಮಾತು: ಕಣ ಒಡೆದರೆ ಪೊಟ್ಯಾಸಿಯಂ ಏರುತ್ತದೆ. ನಮ್ಮ ಕೆಂಪು ಕಣದೊಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಿದೆ. ಆದರೆ ನಾಯಿಗಳಲ್ಲಿ ಹಾಗಿಲ್ಲ. ಕೋಶದ ಒಳಕ್ಕೆ ಪೊಟ್ಯಾಸಿಯಂ ಎಳೆದು ಸೋಡಿಯಂ ಹೊರದಬ್ಬುವ ಪಂಪ್ ನಾಯಿಯ ಕೆಂಪು ಕಣಕ್ಕೆ ಎಳವೆಯಲ್ಲಿ ಮಾತ್ರ ಇರುತ್ತದೆ. ಕಣ ಬಲಿಯುವ ಹೊತ್ತಿಗೆ ಅದು ಕಳೆದುಹೋಗುತ್ತದೆ. ಹಾಗಾಗಿ ಬಲಿತ ಕಣದೊಳಗೆ ಪೊಟ್ಯಾಸಿಯಂ ಹೆಚ್ಚೇನೂ ಇರುವುದಿಲ್ಲ. ಒಡೆದರೂ ಸೋರಲು ಏನಿದೆ? ‘ನಾಯಿಯ ಸ್ಯಾಂಪಲ್ ಹಿಮೊಲಿಸಿಸ್ ಆದರೂ ಪೊಟ್ಯಾಸಿಯಂ ನಂಬಬಹುದು’ ಎಂದು ನಾನೇ ಎಷ್ಟೋ ಕಿರಿಯರಿಗೆ ಹೇಳಿಕೊಟ್ಟಿದ್ದೇನೆ.

ಬೆಳಗಿನ ಜಾವ ಮೂರರ ಸುಮಾರಿಗೆ ಫಾರಂನಲ್ಲಿ ನಾನು ಬರೆದ ‘ನಾಯಿ’ ಎಂಬ ಪದ ನೆನಪಾಯಿತು. ಮಿಂಚು ಬರಿಯ ನಾಯಿಯಲ್ಲ, ಅಕಿಟಾ.

ಜಪಾನಿನ ಅಕಿಟಾ, ಶೀಬಾ, ಕೊರಿಯಾದ ಜಿಂಡೊ ಈ ತಳಿಗಳ ಹಲವು ನಾಯಿಗಳಲ್ಲಿ ಆ ಪಂಪ್ ಕಳೆದುಹೋಗುವುದೇ ಇಲ್ಲ. ಕಣ ಬಲಿತ ಮೇಲೂ ದುಡಿಯುತ್ತಲೇ ಇರುತ್ತದೆ. ಅವುಗಳ ಕೆಂಪು ಕಣ ಮನುಷ್ಯರದ್ದರ ಹಾಗೆ ಪೊಟ್ಯಾಸಿಯಂ ತುಂಬಿದ ಚೀಲ. ವಂಶದಲ್ಲಿ ಬರುವ ಗುಣ ಇದು, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಜಪಾನಿನ ಸಂಶೋಧಕರು 1980ರ ದಶಕದಲ್ಲೇ ಇದನ್ನು ಬಿಡಿಸಿಟ್ಟಿದ್ದಾರೆ. ರೋಗವಲ್ಲ. ನಾಯಿಗೆ ಇದರಿಂದ ದಿನನಿತ್ಯ ಏನೂ ತೊಂದರೆಯಿಲ್ಲ, ಈರುಳ್ಳಿ ತಿಂದರೆ ಮಾತ್ರ ಬೇರೆ ನಾಯಿಗಳಿಗಿಂತ ಬೇಗ ಕಣಗಳು ಹಾಳಾಗುತ್ತವೆ. ತೊಂದರೆ ಇರುವುದು ಟ್ಯೂಬಿನಲ್ಲಿ.

ಮಂಗಳವಾರ

ಬೆಳಿಗ್ಗೆ ಕುತ್ತಿಗೆಯ ದೊಡ್ಡ ರಕ್ತನಾಳದಿಂದ ತೆಗೆದೆ. ಈ ಸಲ ದಪ್ಪ ಸೂಜಿ, ಎಳೆದಾಟವಿಲ್ಲ. ಟ್ಯೂಬಿಗೆ ಹಾಕುವ ಮೊದಲು ಸೂಜಿ ಕಳಚಿ, ಮುಚ್ಚಳ ತೆಗೆದು, ಗೋಡೆಗುಂಟ ಇಳಿಬಿಟ್ಟೆ. ಹೆಪ್ಪುಗಟ್ಟಲು ಕಾಯುವುದು ಬೇಡವೆಂದು ಹಸಿರು ಮುಚ್ಚಳದ ಹೆಪರಿನ್ ಟ್ಯೂಬ್ ಬಳಸಿ, ತೆಗೆದ ಹತ್ತು ನಿಮಿಷಕ್ಕೆ ತಿರುಗಿಸಿ, ಪ್ಲಾಸ್ಮಾ ಎತ್ತಿದೆ. ಹತ್ತಿರದ ದೊಡ್ಡ ಆಸ್ಪತ್ರೆಯ ಯಂತ್ರದಲ್ಲಿ ಅಳೆಸಿದೆ. ತೆಗೆದ 25 ನಿಮಿಷಕ್ಕೆ ಬಂದ ಉತ್ತರ: ಗ್ಲೂಕೋಸ್ 97, ಸೋಡಿಯಂ 146, ಪೊಟ್ಯಾಸಿಯಂ 4.3. ಅನುಪಾತ 34. ಜೊತೆಗೆ ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಾರ್ಟಿಸಾಲ್ ಕೂಡ ಮಾಡಿಸಿದ್ದೆ, 4.6 ಮೈಕ್ರೋಗ್ರಾಂ. ಅದು 2ಕ್ಕಿಂತ ಮೇಲಿದ್ದರೆ ಅಡಿಸನ್ಸ್ ಬಹುಮಟ್ಟಿಗೆ ಇಲ್ಲವೆಂದೇ ಅರ್ಥ. ರಾತ್ರಿ ಸ್ಟೀರಾಯ್ಡ್ ಕೊಟ್ಟಿದ್ದರೆ ಗ್ರಂಥಿ ಅದರಿಂದಲೇ ತೆಪ್ಪಗಾಗಿ, ಈ ಕಾರ್ಟಿಸಾಲ್ ತಾನಾಗಿಯೇ ಇಳಿದಿರುತ್ತಿತ್ತು. ಆಗ ನನ್ನ ತಪ್ಪು ರೋಗನಿರ್ಣಯಕ್ಕೆ ನನ್ನ ಇಂಜೆಕ್ಷನ್ನೇ ಸಾಕ್ಷಿ ಹೇಳುತ್ತಿತ್ತು. ಟ್ರೇನಲ್ಲಿ ಇಟ್ಟ ಸಿರಿಂಜಿನ ನೆನಪಾಗಿ ಈಗಲೂ ಬೆನ್ನು ತಣ್ಣಗಾಗುತ್ತದೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಡೆದದ್ದು ಇದೇ ಎಂದು ಕಣ್ಣಾರೆ ನೋಡಬೇಕೆನಿಸಿತು. ಹಿರಿಯರನ್ನು ಕೇಳಿ ಇನ್ನೊಂದಿಷ್ಟು ರಕ್ತ ತೆಗೆದು ಎರಡು ಹೆಪರಿನ್ ಟ್ಯೂಬಿಗೆ ಹಂಚಿದೆ. ಹೋಲಿಕೆಗೆ ಕ್ಲಿನಿಕ್ಕಿನಲ್ಲೇ ಬೆಳೆದ ನಮ್ಮ ಬೆರಕೆ ನಾಯಿಯ ರಕ್ತವನ್ನೂ ಹಾಗೆಯೇ ತೆಗೆದೆ.

ಮಿಂಚುವಿನ ಒಂದು ಟ್ಯೂಬನ್ನು ತಿರುಗಿಸದೆ ಆರು ಗಂಟೆ ಮೇಜಿನ ಮೇಲೆ ಬಿಟ್ಟೆ. ಗ್ಲೂಕೋಸ್ 62ಕ್ಕೆ ಇಳಿಯಿತು. ಪೊಟ್ಯಾಸಿಯಂ 4.6, ಅಂದರೆ ಅಲುಗಾಡಿದ್ದು ಅಷ್ಟಕ್ಕಷ್ಟೆ. ಇನ್ನೊಂದನ್ನು 4 ಡಿಗ್ರಿ ಫ್ರಿಜ್ಜಿನಲ್ಲಿ 24 ಗಂಟೆ ಇಟ್ಟೆ. ಗ್ಲೂಕೋಸ್ 74, ಪೊಟ್ಯಾಸಿಯಂ 6.3. ಬೆರಕೆ ನಾಯಿಯದು ಫ್ರಿಜ್ಜಿನಲ್ಲಿ 24 ಗಂಟೆ ಕಳೆದ ಮೇಲೆ ಗ್ಲೂಕೋಸ್ 101ರಿಂದ 80ಕ್ಕೆ ಬಂದಿತ್ತು, ಪೊಟ್ಯಾಸಿಯಂ 4.4 ಇದ್ದದ್ದು 4.4. ಎರಡೇ ನಾಯಿ, ಒಂದೇ ಸಲ. ಇದನ್ನು ಸಂಶೋಧನೆ ಎಂದು ಯಾರೂ ಕರೆಯುವುದಿಲ್ಲ, ನಾನೂ ಕರೆಯುತ್ತಿಲ್ಲ. ಆದರೆ ನನ್ನ ಮೇಜು ಮತ್ತು ನನ್ನ ಫ್ರಿಜ್ ಏನು ಮಾಡಿದವೆಂದು ತಿಳಿಯಲು ಇಷ್ಟು ಸಾಕಾಗಿತ್ತು.

ಟ್ಯೂಬಿಗೆ ಬಿದ್ದ ರಕ್ತ ಜೀವಂತವಾಗಿಯೇ ಇರುತ್ತದೆ, ಹೊಟ್ಟೆಗೆ ಬೇಕೆನ್ನುತ್ತದೆ. ಕೆಂಪು ಕಣಕ್ಕೂ ಬಿಳಿ ಕಣಕ್ಕೂ ಸುತ್ತಲಿನ ಗ್ಲೂಕೋಸೇ ಆಹಾರ. ದೇಹದಲ್ಲಾದರೆ ಯಕೃತ್ತು ತುಂಬಿಕೊಡುತ್ತಿತ್ತು, ಟ್ಯೂಬಿನಲ್ಲಿ ತುಂಬಿಕೊಡುವವರಿಲ್ಲ. ಕೋಣೆಯ ಬಿಸಿಯಲ್ಲಿ ಗಂಟೆಗೆ ನೂರಕ್ಕೆ 5ರಿಂದ 10ರಷ್ಟು ಕರಗುತ್ತದೆ ಎಂಬುದು ರೂಢಿಯ ಲೆಕ್ಕ. ಸೋಂಕಿನಿಂದಲೋ ರಕ್ತದ ಕ್ಯಾನ್ಸರಿನಿಂದಲೋ ಬಿಳಿ ಕಣ ವಿಪರೀತ ಏರಿದ್ದರೆ ಇನ್ನೂ ಬೇಗ. ತಣ್ಣಗಾದಷ್ಟೂ ಕಣಗಳ ಹಸಿವು ಕಡಿಮೆ. ಹಾಗಾಗಿ ಗ್ಲೂಕೋಸಿನ ಮಟ್ಟಿಗೆ ಫ್ರಿಜ್ ಒಳ್ಳೆಯದೇ.

ಪೊಟ್ಯಾಸಿಯಂ ವಿಷಯದಲ್ಲಿ ಕಥೆ ತಿರುವುಮುರುವು. ಅಕಿಟಾದ ಕಣದೊಳಗೆ ಪೊಟ್ಯಾಸಿಯಂ ಹಿಡಿದಿಟ್ಟಿರುವುದು ಆ ಪಂಪ್. ಪಂಪಿಗೆ ಶಕ್ತಿ ಬೇಕು, ಬಿಸುಪು ಬೇಕು. ಫ್ರಿಜ್ಜಿನಲ್ಲಿ ಅದು ಮರಗಟ್ಟುತ್ತದೆ. ಒಳಗಿನ ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಜಾರುತ್ತದೆ, ಹೊರಗಿನ ಸೋಡಿಯಂ ಒಳಗೆ ನುಸುಳುತ್ತದೆ. ಒಂದು ಏರಿತು, ಇನ್ನೊಂದು ಇಳಿಯಿತು. ಅನುಪಾತ ಕುಸಿಯಲು ಇನ್ನೇನು ಬೇಕು? ಮೇಜಿನ ಮೇಲಿನ ಐದು ಗಂಟೆ ಗ್ಲೂಕೋಸನ್ನು ತಿಂದಿತು, ಫ್ರಿಜ್ಜಿನ 40 ಗಂಟೆ ಪೊಟ್ಯಾಸಿಯಂ ಸೋರಿಸಿತು. ಅದರ ಮೇಲೆ ನಾನು ಸೂಜಿಯಿಂದ ಒಡೆದ ಕಣಗಳದ್ದೊಂದು ಪಾಲು. ಮೂರೂ ಸೇರಿ ಒಂದು ಅಚ್ಚುಕಟ್ಟಾದ ಅಡಿಸನ್ಸ್ ತಯಾರಾಯಿತು.

ಲ್ಯಾಬನ್ನು ದೂರಲು ಇಲ್ಲಿ ಏನೂ ಇಲ್ಲ. ಯಂತ್ರ ತನಗೆ ಕೊಟ್ಟ ನೀರಿನಲ್ಲಿ ಇದ್ದದ್ದನ್ನು ಸರಿಯಾಗಿಯೇ ಅಳೆಯಿತು. ಇನ್ನೊಂದು ಸಲ ಅಳೆದಿದ್ದರೂ 7.4 ಎಂದೇ ಹೇಳುತ್ತಿತ್ತು. ‘ರಿಪೀಟ್ ಮಾಡಿ ನೋಡಿ’ ಎಂದು ಲ್ಯಾಬಿಗೆ ಫೋನ್ ಮಾಡುವ ನಮ್ಮ ಅಭ್ಯಾಸದಿಂದ ಇಂಥ ಕಡೆ ಏನೂ ಉಪಯೋಗವಿಲ್ಲ. ಅದೇ ಟ್ಯೂಬನ್ನು ಎಷ್ಟು ಸಲ ಅಳೆದರೂ ಅದೇ ತಪ್ಪು ಉತ್ತರ.

ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ರಿಪೋರ್ಟಿನ ಉಳಿದ ಸಾಲುಗಳು. ಕ್ರಿಯಾಟಿನಿನ್ 1.1, ಯೂರಿಯಾ, ಆಲ್ಬುಮಿನ್, ಯಕೃತ್ತಿನ ಕಿಣ್ವ ಎ.ಎಲ್.ಟಿ., ಎಲ್ಲ ಸಹಜ. ಇವು ಗಟ್ಟಿ ಜೀವಿಗಳು, ಒಂದೆರಡು ದಿನ ತಡವಾದರೆ ಅಷ್ಟಾಗಿ ಕದಲುವುದಿಲ್ಲ. ಪೂರ್ತಿ ರಿಪೋರ್ಟ್ ಅಸ್ತವ್ಯಸ್ತವಾಗಿದ್ದರೆ ಸ್ಯಾಂಪಲ್ ಕೆಟ್ಟಿದೆ ಎಂದು ಯಾರಿಗಾದರೂ ಹೊಳೆಯುತ್ತಿತ್ತು. ಮುಕ್ಕಾಲು ಪಾಲು ನಿಜ ಇರುವ ಕಾಗದದಲ್ಲಿ ಕಾಲು ಪಾಲು ಸುಳ್ಳನ್ನು ಹುಡುಕುವುದು ಕಷ್ಟ. ಸುಳಿವೇ ಇರಲಿಲ್ಲ ಎಂದೂ ಅಲ್ಲ. ಫಾಸ್ಫರಸ್ ಮತ್ತು ಎ.ಎಸ್.ಟಿ. ಎಂಬ ಕಿಣ್ವ ಎರಡೂ ಸ್ವಲ್ಪ ಮೇಲಿದ್ದವು. ಕಣಗಳೊಳಗಿಂದ ಸೋರುವ ವಸ್ತುಗಳು ಅವು. ಎ.ಎಲ್.ಟಿ. ಸುಮ್ಮನಿದ್ದು ಎ.ಎಸ್.ಟಿ. ಒಂದೇ ಏರಿದರೆ ಯಕೃತ್ತಿಗಿಂತ ಮೊದಲು ಸ್ನಾಯುವನ್ನೂ ಟ್ಯೂಬನ್ನೂ ನೋಡಬೇಕು.

ನೇರಳೆ ಟ್ಯೂಬಿನ ತಮಾಷೆ

ರಕ್ತಕಣಗಳ ರಿಪೋರ್ಟಿನಲ್ಲಿ ಒಂದು ವಿಚಿತ್ರ ನಡೆದಿತ್ತು. ಶನಿವಾರದ ಟ್ಯೂಬಿನಲ್ಲಿ ಕೆಂಪು ಕಣದ ಸರಾಸರಿ ಗಾತ್ರ, ಎಂ.ಸಿ.ವಿ., 65 ಫೆಮ್ಟೊಲೀಟರ್. ನಾಯಿಗಳ ಸಹಜ ಗಾತ್ರ ಸುಮಾರು 60ರಿಂದ 77, ಆದ್ದರಿಂದ ಯಾರೂ ಗಮನಿಸಲಿಲ್ಲ. ಮಂಗಳವಾರದ ತಾಜಾ ರಕ್ತದಲ್ಲಿ 58. ಲ್ಯಾಬ್ ಕೆಳಮುಖ ಬಾಣ ಹಾಕಿ ಕಳಿಸಿತ್ತು.

ಯಾವುದು ನಿಜ? 58 ನಿಜ. ಅಕಿಟಾ, ಶೀಬಾ ತಳಿಗಳ ಕೆಂಪು ಕಣ ಹುಟ್ಟಿನಿಂದಲೇ ಚಿಕ್ಕದು, ಕಬ್ಬಿಣದ ಕೊರತೆಯಿಂದಲ್ಲ. ಶನಿವಾರದ ಕಣಗಳು ಕಾದು ಕಾದು ನೀರು ಕುಡಿದು ಊದಿಕೊಂಡಿದ್ದವು. ಹಳೆಯ ರಕ್ತದಲ್ಲಿ ಎಂ.ಸಿ.ವಿ. ಮತ್ತು ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಏರುತ್ತವೆ, ಎಂ.ಸಿ.ಎಚ್.ಸಿ. (ಕಣದೊಳಗಿನ ಹಿಮೊಗ್ಲೋಬಿನ್ ಸಾಂದ್ರತೆ) ಇಳಿಯುತ್ತದೆ. ಇವಳಲ್ಲಿ ಹಿಮಟೊಕ್ರಿಟ್ 44 ಇದ್ದದ್ದು 49 ಆಗಿತ್ತು, ಎಂ.ಸಿ.ಎಚ್.ಸಿ. 34ರಿಂದ 30ಕ್ಕೆ ಬಂದಿತ್ತು. ಹಿಮೊಗ್ಲೋಬಿನ್ ಮಾತ್ರ ಎರಡೂ ಸಲ 14.9. ಅಂದರೆ ಸರಕು ಅಷ್ಟೇ, ಚೀಲ ಊದಿದೆ. ಕೆಟ್ಟ ಸ್ಯಾಂಪಲ್ ಸಹಜವಾದದ್ದನ್ನು ಅಸಹಜ ಮಾಡಿ ತೋರಿಸುತ್ತದೆ ಎಂದಷ್ಟೇ ನಾವು ಹೆದರುತ್ತೇವೆ. ಇಲ್ಲಿ ತಳಿಯ ಗುರುತನ್ನೇ ಅಳಿಸಿ, ಎಲ್ಲ ಸರಿ ಇದೆ ಎಂಬಂತೆ ತೋರಿಸಿತ್ತು. ಈ ಚಿಕ್ಕ ಕಣಗಳು ಮೊದಲ ದಿನವೇ ಕಂಡಿದ್ದರೆ ಬಹುಶಃ ‘ಓ, ಅಕಿಟಾ ಅಲ್ಲವೇ’ ಎಂದು ಆಗಲೇ ಹೊಳೆಯುತ್ತಿತ್ತೇನೋ.

ಪ್ಲೇಟ್‌ಲೆಟ್ ಶನಿವಾರದ್ದು 96,000. ತಾಜಾ ರಕ್ತದ ಸ್ಮಿಯರನ್ನು, ಅಂದರೆ ಗಾಜಿನ ಮೇಲೆ ತೆಳುವಾಗಿ ಎಳೆದ ಹನಿಯನ್ನು, ನಾನೇ ಎಣ್ಣೆ ಲೆನ್ಸಿನಡಿ ನೋಡಿದೆ. ಒಂದು ಕ್ಷೇತ್ರಕ್ಕೆ ಸರಾಸರಿ 14 ಸಿಕ್ಕವು. ಒಂದನ್ನು ಕನಿಷ್ಠ 15,000ಕ್ಕೆ ಲೆಕ್ಕ ಹಿಡಿದರೂ ಎರಡು ಲಕ್ಷ ದಾಟುತ್ತದೆ. ಶನಿವಾರದ ಟ್ಯೂಬಿನಲ್ಲಿ ಅವು ಮುದ್ದೆಮುದ್ದೆಯಾಗಿ ಅಂಟಿಕೊಂಡಿದ್ದವು, ಯಂತ್ರ ಮುದ್ದೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಿಳಿ ಕಣಗಳಲ್ಲೂ ಗುಳ್ಳೆ ಎದ್ದು, ತೀವ್ರ ಸೋಂಕಿದ್ದಾಗ ಕಾಣುವ ಬದಲಾವಣೆಯ ಹಾಗೇ ಕಾಣುತ್ತಿದ್ದವು. ರಕ್ತ ತೆಗೆದ ಕೂಡಲೇ ಒಂದು ಗಾಜಿನ ಮೇಲೆ ಹನಿ ಎಳೆದು ಒಣಗಿಸಿ ಇಟ್ಟಿದ್ದರೆ ಇದ್ಯಾವುದೂ ಇಲ್ಲ. ಎರಡು ನಿಮಿಷದ ಕೆಲಸ. ಒಣಗಿದ ಗಾಜನ್ನು ಫ್ರಿಜ್ಜಿಗೆ ಹಾಕಬಾರದು, ತೇವ ಕೂತು ಕಣಗಳು ಹಾಳಾಗುತ್ತವೆ. ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಪೊಟ್ಟಣದಲ್ಲಂತೂ ಕಳಿಸಲೇಬಾರದು, ಅದರ ಆವಿ ತಗುಲಿದ ಸ್ಮಿಯರ್ ಬಣ್ಣ ಹಿಡಿಯುವುದಿಲ್ಲ.

ಉಳಿದವುಗಳ ಬಗ್ಗೆ ನಾಲ್ಕು ಮಾತು

ಈ ಪ್ರಕರಣದ ನಂತರ ನಾನು ಕಳಿಸುವ ಪ್ರತಿ ಪರೀಕ್ಷೆಯನ್ನೂ ‘ಇದು ಎಷ್ಟು ಹೊತ್ತು ಕಾಯುತ್ತದೆ’ ಎಂದು ಕೇಳಿಕೊಳ್ಳತೊಡಗಿದೆ. ಎಲ್ಲಕ್ಕಿಂತ ಅಸಹನೆಯದು ಅಮೋನಿಯಾ. ತೆಗೆದ ತಕ್ಷಣ ಮಂಜುಗಡ್ಡೆಯ ಮೇಲಿಟ್ಟು, ತಿರುಗಿಸಿ, ಅರ್ಧ ಗಂಟೆಯೊಳಗೆ ಅಳೆಯದಿದ್ದರೆ ಟ್ಯೂಬಿನಲ್ಲೇ ಹುಟ್ಟಿ ಏರುತ್ತದೆ. ಹೊರಗೆ ಕಳಿಸುವುದಾದರೆ ಅದನ್ನು ಮಾಡಿಸದಿರುವುದೇ ಮೇಲು. ಎ.ಸಿ.ಟಿ.ಎಚ್. ಎಂಬ ಹಾರ್ಮೋನು ಗಾಜಿಗೆ ಅಂಟಿಕೊಳ್ಳುತ್ತದೆ, ಬಿಸಿಯಲ್ಲಿ ಕರಗಿಹೋಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಟ್ಯೂಬ್ ಬೇಕು, ಬೇರ್ಪಡಿಸಿದ ಪ್ಲಾಸ್ಮಾ ಮಂಜುಗಟ್ಟಿದ ಸ್ಥಿತಿಯಲ್ಲೇ ಪ್ರಯಾಣ ಮಾಡಬೇಕು. ಬಿಲಿರುಬಿನ್‌ಗೆ ಬೆಳಕು ಆಗದು. ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಗೆ ಸಿಟ್ರೇಟ್ ಟ್ಯೂಬನ್ನು ಗೆರೆಯವರೆಗೆ ತುಂಬಲೇಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಕಡಿಮೆ ತುಂಬಿದರೆ ಆರೋಗ್ಯವಂತ ನಾಯಿಯೂ ಇಲಿಪಾಷಾಣ ತಿಂದಂತೆ ಕಾಣುತ್ತದೆ. ಫಿಟ್ಸ್‌ಗೆ ಫಿನೊಬಾರ್ಬಿಟಾಲ್ ತೆಗೆದುಕೊಳ್ಳುವ ನಾಯಿಯ ಔಷಧ ಮಟ್ಟ ನೋಡುವಾಗ ಜೆಲ್ ಇರುವ ಟ್ಯೂಬ್ ಬೇಡ. ಜೆಲ್ ಔಷಧವನ್ನು ಹೀರಿಕೊಂಡು ಮಟ್ಟ ಕಡಿಮೆ ತೋರಿಸುತ್ತದೆ, ನಾವು ಡೋಸ್ ಏರಿಸಿಬಿಡುತ್ತೇವೆ.

ಗ್ಲೂಕೋಸಿಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಫ್ಲೋರೈಡ್ ಕಣಗಳ ಬಾಯಿ ಕಟ್ಟಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಅವು ಸ್ವಲ್ಪ ತಿಂದು ಮುಗಿಸಿರುತ್ತವೆ. ಅದೇ ಟ್ಯೂಬಿನಲ್ಲಿ ಬೇರೆ ಹೆಚ್ಚಿನ ಪರೀಕ್ಷೆಗಳನ್ನು ಮಾಡುವಂತೆಯೂ ಇಲ್ಲ. ಬೇಗ ತಿರುಗಿಸಿ ಬೇರ್ಪಡಿಸುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಬೇರ್ಪಡಿಸಿದ ಸೀರಂ ಫ್ರಿಜ್ಜಿನಲ್ಲಿದ್ದರೆ ಸಾಮಾನ್ಯ ಪರೀಕ್ಷೆಗಳಿಗೆ ಒಂದೆರಡು ದಿನ ತೊಂದರೆಯಿಲ್ಲ. ಫ್ರೀಜರಿಗೆ ಹೋಗಬಹುದಾದದ್ದೂ ಅದೇ. ಕಣಗಳಿರುವ ಇಡೀ ರಕ್ತವನ್ನು ಫ್ರೀಜರಿಗೆ ಹಾಕಿದರೆ, ಇಲ್ಲವೇ ಐಸ್ ಪ್ಯಾಕಿಗೆ ನೇರವಾಗಿ ಒತ್ತಿಟ್ಟರೆ, ಬಿಡಿಸುವಾಗ ಕೈಗೆ ಬರುವುದು ಕೆಂಪು ನೀರು. ಈಗ ನಮ್ಮಲ್ಲಿ ಟ್ಯೂಬನ್ನು ಕಾಗದದಲ್ಲಿ ಸುತ್ತಿ, ಪ್ಯಾಕಿನಿಂದ ದೂರವಿಟ್ಟು ಕಳಿಸುತ್ತಾರೆ.

ಬುಧವಾರ ಲ್ಯಾಬಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆ ಕಡೆ ಇದ್ದ ಹೆಣ್ಣುಮಗಳು ಸಂಕೋಚದಿಂದಲೇ ಕೇಳಿದಳು, “ಸಾರ್, ಟೈಮ್ ಬರೆದಿದ್ರೆ ನಾವೇ ಕೇಳ್ತಿದ್ವಿ. ಗ್ಲೂಕೋಸ್ ಮಾಡೋದಾ ಬೇಡ್ವಾ ಅಂತ.” ಅವಳ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಮಿಂಚುವಿನ ವಾಂತಿಗೆ ಕಾರಣ ಏನೆಂದು ಕೊನೆಗೂ ಖಚಿತವಾಗಲಿಲ್ಲ. ಕದ್ದ ಚಪ್ಪಲಿಗಳಲ್ಲಿ ಯಾವುದೋ ಒಂದರ ಚೂರು ಇರಬಹುದು. ಅವಳ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಪೊಟ್ಯಾಸಿಯಂಗೆ ಹೆಪರಿನ್ ಟ್ಯೂಬ್, ತಕ್ಷಣ ಬೇರ್ಪಡಿಸಿ, ಎಂ.ಸಿ.ವಿ. ಚಿಕ್ಕದಿದ್ದರೆ ಇವಳಿಗೆ ಸಹಜ.

ಎಂಟು ತಿಂಗಳ ಮೇಲೆ ಹಲ್ಲು ಸ್ವಚ್ಛ ಮಾಡಿಸಲು ಬಂದಳು. ಅರಿವಳಿಕೆಗೆ ಮುಂಚೆ ರಕ್ತ ತೆಗೆಯಬೇಕಿತ್ತು. ತೆಗೆದು ಟ್ಯೂಬಿಗೆ ಇಳಿಸಿ ತಿರುಗುವಷ್ಟರಲ್ಲಿ ಹಿರಿಯರು ಕೈಗಡಿಯಾರ ನೋಡಿಕೊಂಡು ಸೆಂಟ್ರಿಫ್ಯೂಜಿನ ಪಕ್ಕ ನಿಂತಿದ್ದರು.

“ಹತ್ತು ಇಪ್ಪತ್ತಕ್ಕೆ ತೆಗೆದ್ರಿ ಡಾಕ್ಟ್ರೇ,” ಅಂದರು. “ಫಾರಂನಲ್ಲಿ ಬರ್ಕೊಳ್ಳಿ.”